ಸೋಮವಾರದ ಸಿಹಿ

ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ವಾರವೇ ನಾನೊಂದು ವ್ರತ ಹಿಡಿದೆ. ನಾಲಿಗೆ ಬಿಟ್ಟದ್ದನ್ನು ಇನ್ನೊಬ್ಬರ ನಾಲಿಗೆಗೆ ಕೊಟ್ಟರೆ ಬಿಟ್ಟದ್ದು ಸಾರ್ಥಕ, ಇಲ್ಲದಿದ್ದರೆ ಅದು ಬರೀ ಪಥ್ಯ ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದರು. ಬರೀ ಪಥ್ಯ ಮಾಡುವುದು ನನಗೆ ಅವಮಾನ ಅನ್ನಿಸಿತು. ಹಾಗಾಗಿ ಪ್ರತಿ ಸೋಮವಾರ ಬೆಳಿಗ್ಗೆ ಲಿಂಗಪೂಜೆ ಮುಗಿದ ಮೇಲೆ ಒಂದು ಸಿಹಿ ಮಾಡಿ ಇಲ್ಲದವರಿಗೆ ಕೊಡುವುದೆಂದು ಗೊತ್ತುಮಾಡಿಕೊಂಡೆ. ಕೇಸರಿಬಾತು, ಸಿಹಿ ಪೊಂಗಲು, ಗೋಧಿ ಪಾಯಸ, ಹಬ್ಬದ ಆಸುಪಾಸಿನಲ್ಲಿ ಹೋಳಿಗೆ. ಕೊಟ್ಟ ಮೇಲೆ ಅವರು ತಿಂದು ಮುಗಿಸುವವರೆಗೆ ಎದುರಿಗೇ ನಿಂತಿರಬೇಕು. ಕೈಗಿಟ್ಟು ಬೆನ್ನು ತಿರುಗಿಸಿದರೆ ಅದು ದಾಸೋಹವಲ್ಲ, ಬಿಸಾಡಿದ ಹಾಗೆ. ಇದೂ ಅತ್ತೆಯವರದೇ ಮಾತು. ನಾನು ತಪ್ಪದೆ ನಿಲ್ಲುತ್ತಿದ್ದೆ.

ಕೃಷ್ಣಮೂರ್ತಿಪುರಂನಲ್ಲಿ ನಮ್ಮದು ಕೆಳಗೆ ಗ್ರಂಥಿಗೆ ಅಂಗಡಿ, ಮೇಲೆ ಮನೆ. ವಿಭೂತಿ, ಕರ್ಪೂರ, ಅಳಲೆಕಾಯಿ, ಬಜೆ, ಅತಿಮಧುರ. ಮಠಕ್ಕೆ ಬೇಕಾದದ್ದೂ ಬಾಣಂತಿಗೆ ಬೇಕಾದದ್ದೂ ನಮ್ಮಲ್ಲಿ ಸಿಗುತ್ತದೆ. ನಮ್ಮ ಯಜಮಾನರು ವೃಷಭೇಂದ್ರಪ್ಪನವರು ಮೂವತ್ತೆಂಟು ವರ್ಷದಿಂದ ಅದೇ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದಾರೆ. ಮಾತು ಕಡಿಮೆ, ತೂಕ ಸರಿ. ಅವರಿಗೆ ಬಿ.ಪಿ., ನನಗೆ ಶುಗರ್. ಮದುವೆಯಾದ ಮೇಲೆ ಎಲ್ಲವನ್ನೂ ಹಂಚಿಕೊಳ್ಳಬೇಕಲ್ಲ, ಕಾಯಿಲೆಯನ್ನೂ ಹಂಚಿಕೊಂಡಿದ್ದೇವೆ. ಅವರಿಂದಾಗಿ ಮನೆಯ ಸಾರಿಗೆ ಉಪ್ಪು ಕಡಿಮೆ, ನನ್ನಿಂದಾಗಿ ಕಾಫಿಗೆ ಸಕ್ಕರೆ ಇಲ್ಲ.

ಸಣ್ಣಮಾದಯ್ಯ ನಮ್ಮ ಅಂಗಡಿಯ ಜಗಲಿಯ ಮೇಲೆ ಮಲಗಲು ಶುರುಮಾಡಿ ನಾಲ್ಕು ವರ್ಷವಾಗಿತ್ತು. ಮನೆಗಳಿಗೆ ಬಣ್ಣ ಬಳಿಯುವ ಕೆಲಸ. ಮೊದಲು ಹೆಂಡತಿ ಪುಟ್ಟಮಾದಮ್ಮನ ಜೊತೆ ಹಿನಕಲ್‌ನಲ್ಲಿ ಶೀಟಿನ ಮನೆಯೊಂದರಲ್ಲಿ ಬಾಡಿಗೆಗೆ ಇದ್ದರಂತೆ. ಹೆಂಡತಿ ತೀರಿಕೊಂಡ ಮರುವರ್ಷ ಮಾಲೀಕರು ಆ ಶೀಟಿನ ಸಾಲನ್ನೆಲ್ಲ ಕೆಡವಿ ನಾಲ್ಕಂತಸ್ತಿನ ಕಟ್ಟಡ ಎತ್ತಿದರು. ಆ ಕಟ್ಟಡಕ್ಕೆ ಬಣ್ಣ ಹೊಡೆದವರಲ್ಲಿ ಇವರೂ ಒಬ್ಬರು. ಮಗಳನ್ನು ಕೊಳ್ಳೇಗಾಲದ ಕಡೆ ಕೊಟ್ಟಿದೆ. ಅಳಿಯನ ಮನೆಯಲ್ಲಿ ಹೋಗಿ ಕೂರುವ ಜಾಯಮಾನ ಅವರದಲ್ಲ. ನಾವು ಅಂಗಡಿಯ ಬಾಗಿಲು ಎಳೆದ ಮೇಲೆ ಬಂದು ಹಾಸಿಕೊಳ್ಳುವರು, ಬೆಳಿಗ್ಗೆ ನಾವು ತೆಗೆಯುವ ಮುಂಚೆ ಜಗಲಿ ಗುಡಿಸಿ ನೀರು ಹಾಕಿ ಹೊರಟುಬಿಡುವರು. ಮಲಗಿ ಎಂದು ನಾವು ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಸೋಮವಾರ ಮಾತ್ರ ಗುಡಿಸಿದ ಮೇಲೆ ನನ್ನ ತಟ್ಟೆಗಾಗಿ ಕಾಯುವರು.

ಮೊದಮೊದಲು ಮಂಜುಳಮ್ಮ ಎಂಬ ಚಿಂದಿ ಆಯುವ ಹೆಂಗಸೂ ಬರುತ್ತಿದ್ದರು. ಒಂದು ಸೋಮವಾರ ಅಡಿಕೆ ಹಾಳೆಯ ತಟ್ಟೆಯಲ್ಲಿ ಕೇಸರಿಬಾತು ಕೊಟ್ಟರೆ, ಸಿಹಿ ಬೇಡ ತಾಯಿ, ಒಂದು ಹಿಡಿ ಅನ್ನ ಸಾರು ಇದ್ದರೆ ಕೊಡಿ ಎಂದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬೆಳಿಗ್ಗೆ ಬೇಗ ಎದ್ದು, ತಿನ್ನಲಾಗದ ಸಿಹಿಯ ವಾಸನೆ ಕುಡಿಯುತ್ತಾ ತುಪ್ಪದಲ್ಲಿ ರವೆ ಹುರಿದವಳು ನಾನು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ಬೀದಿಗೆಲ್ಲ ಕೇಳುವಂತೆ ಅಂದುಬಿಟ್ಟೆ. ಆಕೆ ತಟ್ಟೆಯನ್ನು ಜಗಲಿಯ ಮೇಲಿಟ್ಟು ಎದ್ದುಹೋದರು, ಆಮೇಲೆ ನಮ್ಮ ಬೀದಿಗೆ ಬರಲಿಲ್ಲ. ಪಕ್ಕದಲ್ಲಿದ್ದ ಸಣ್ಣಮಾದಯ್ಯ ತಲೆ ಎತ್ತದೆ ತಮ್ಮ ಪಾಲನ್ನು ತಿಂದು ಮುಗಿಸಿದರು. ಕೊಟ್ಟದ್ದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಇವರನ್ನು ನೋಡಿ ಕಲಿಯಬೇಕು ಎಂದುಕೊಂಡೆ.

ಹೋದ ವರ್ಷ ಒಂದು ಬೆಳಿಗ್ಗೆ ಅವರು ಯಜಮಾನರ ಹತ್ತಿರ ಒಂದು ಚೂರು ನೇರಳೆ ಬೀಜದ ಪುಡಿ ಸಿಕ್ಕೀತೇ ಎಂದು ಕೇಳಿದ್ದರು. ಅದನ್ನು ಶುಗರ್ ಇರುವವರು ನೀರಿಗೆ ಹಾಕಿಕೊಂಡು ಕುಡಿಯುತ್ತಾರೆ. ಯಾರಿಗೆ ಎಂದು ಇವರು ಕೇಳಲಿಲ್ಲ, ಪೊಟ್ಟಣ ಕಟ್ಟಿ ಕೊಟ್ಟರು. ನಾನು ಮೆಟ್ಟಿಲ ಮೇಲೆ ನಿಂತು ನೋಡಿದೆ. ಯಾರೋ ಬಣ್ಣದ ಮೇಸ್ತ್ರಿಗಿರಬೇಕು ಎಂದುಕೊಂಡು ಒಳಗೆ ಹೋದೆ. ಅನುಕೂಲಸ್ಥರ ಕಾಯಿಲೆ ಬೀದಿಯಲ್ಲಿ ಮಲಗುವವರಿಗೂ ಬರುತ್ತದೆಂದು ನನಗೆ ಹೊಳೆಯಲಿಲ್ಲ.

ಈ ಕಾರ್ತಿಕದ ಎರಡನೆಯ ಸೋಮವಾರ ಸಿಹಿ ಪೊಂಗಲು ಕೊಟ್ಟು ಎದುರಿಗೆ ನಿಂತಿದ್ದೆ. ಏನೋ ಕೊಳೆತ ವಾಸನೆ. ಮೊದಲು ಮೋರಿಯದು ಎಂದುಕೊಂಡೆ. ಬಗ್ಗಿದರೆ ಅವರ ಕಾಲಿನ ಕಡೆಯಿಂದ ಬರುತ್ತಿತ್ತು. ಎಡಗಾಲಿನ ಕ್ಯಾನ್ವಾಸ್ ಷೂ ಊದಿಕೊಂಡಿತ್ತು, ಹೊಲಿಗೆಯ ಹತ್ತಿರ ಒದ್ದೆ. ಬಿಚ್ಚು ಎಂದೆ. ಬೇಡ ಕಣವ್ವ ಎಂದರು. ನಾನು ಬಿಡುವ ಪೈಕಿಯಲ್ಲ. ಷೂ ಕಳಚಿದಾಗ ಒಳಗೆ ಹಾಲಿನ ಕವರು ಕಂಡಿತು. ಕಾಲಿಗೆ ಬ್ಯಾಂಡೇಜು, ಅದರ ಮೇಲೆ ಅರ್ಧ ಲೀಟರಿನ ಎರಡು ಹಾಲಿನ ಕವರು, ಬಾಯಿಗೆ ಟ್ವೈನು ದಾರ ಬಿಗಿದು ಕಟ್ಟಿದ್ದರು.

"ನೋವಿಲ್ವಾ?" ಎಂದು ಕೇಳಿದೆ.

"ಇಲ್ಲ ಕಣವ್ವ. ನೋವಿದ್ರೆ ತಾನೆ ಗೊತ್ತಾಗೋದು."

ನಾನೇ ಆಟೋ ಕರೆಸಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಯೆಯಿಂದ ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮ ಜಗಲಿಯ ಮೇಲೆ ಏನಾದರೂ ಆಗಿಹೋದರೆ ಎಂಬ ಭಯ ಅರ್ಧ, ಯಾರೂ ನೋಡಿಕೊಳ್ಳಲಿಲ್ಲವಲ್ಲ ಎಂಬ ಸಿಟ್ಟು ಅರ್ಧ. ಆ ಯಾರೂ ಎಂಬುದರಲ್ಲಿ ನಾನಿದ್ದೇನೆ ಎಂದು ಆಗ ಅನ್ನಿಸಿರಲಿಲ್ಲ.

ಡ್ರೆಸ್ಸಿಂಗ್ ರೂಮಿನಲ್ಲಿ ಗೌತಮಿ ಎಂಬ ನರ್ಸ್ ಇದ್ದಳು. ಮೂವತ್ತರ ಆಸುಪಾಸು, ಮುಖದಲ್ಲಿ ನಗುವೂ ಇಲ್ಲ ಸಿಡುಕೂ ಇಲ್ಲ. ದಾರ ಕತ್ತರಿಸಿ ಕವರು ತೆಗೆಯುತ್ತಾ, ಅಯ್ಯಾ, ನಿಮಗೆ ಇದಾಗಿ ಎಷ್ಟು ದಿನವಾಯಿತು ಎಂದು ಕೇಳಿದಳು. ನಿಮಗೆ ಎಂದಳು. ನಾಲ್ಕು ವರ್ಷದಿಂದ ನಾನು ಅವರನ್ನು ನೀನು ಎಂದೇ ಕರೆದುಕೊಂಡು ಬಂದಿದ್ದೆ.

ಅವರು ನಿಧಾನವಾಗಿ ಒಂದೊಂದೇ ಹೇಳಿದರು. ಎರಡು ವರ್ಷದಿಂದ ಪಾದ ಜೋಮು ಹಿಡಿದ ಹಾಗೆ, ನೆಲ ಮುಟ್ಟಿದ್ದು ಗೊತ್ತಾಗುವುದಿಲ್ಲ. ರಾಮಕೃಷ್ಣನಗರದಲ್ಲಿ ಒಂದು ಮನೆಯ ಬಣ್ಣ ಮುಗಿಸಿ ಬಂದು ಮಲಗಿದ್ದ ರಾತ್ರಿ ಇಲಿ ಬಂದು ಕಿರುಬೆರಳ ತುದಿ ತಿಂದಿದೆ. ಬೆಳಿಗ್ಗೆ ರಕ್ತ ನೋಡಿದ ಮೇಲೆಯೇ ತಿಳಿದದ್ದು. ಆಮೇಲೆ ಷೂ ಹಾಕಿಕೊಂಡೇ ಮಲಗಲು ಶುರುಮಾಡಿದರು. ಯಾವುದೋ ಕ್ಲಿನಿಕ್ಕಿನಲ್ಲಿ ಕಟ್ಟು ಹಾಕಿ, ನೀರು ತಾಗಿಸಬೇಡಿ ಎಂದಿದ್ದರು. ಮಳೆ ಇತ್ತು, ಜಗಲಿಗೆ ಇರಚಲು ಹೊಡೆಯುತ್ತಿತ್ತು. ಅದಕ್ಕೇ ಹಾಲಿನ ಕವರು. ವೈದ್ಯರ ಮಾತನ್ನು ಅವರು ಅಕ್ಷರಶಃ ಪಾಲಿಸಿದ್ದರು. ನೀರು ತಾಗಲಿಲ್ಲ, ಗಾಳಿಯೂ ತಾಗಲಿಲ್ಲ, ಬೆವರು ಹೊರಗೆ ಹೋಗಲಿಲ್ಲ. ಇಪ್ಪತ್ತೆರಡು ದಿನ ಗಾಯ ಒಳಗೇ ಬೆಂದಿತ್ತು.

ಆ ಇಲಿಗಳು ನಮ್ಮ ಅಂಗಡಿಯ ಮಾಲಿಗೆ ಬರುವವು. ಒಳಗೆ ಬೋನು ಇಟ್ಟಿದ್ದೆವು, ಜಗಲಿಗೆ ಇಟ್ಟಿರಲಿಲ್ಲ.

ಗೌತಮಿ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ನಾನೂರ ಮೂವತ್ತೆಂಟು. ಶುಗರ್ ಯಾವಾಗಿನಿಂದ ಎಂದಳು. ಆರು ವರ್ಷ ಎಂದರು ಸಣ್ಣಮಾದಯ್ಯ. ಮಾತ್ರೆ ತೆಗೆದುಕೊಳ್ಳುವುದಿಲ್ಲವೇ ಎಂದಳು.

"ಊಟ ಆದ್ಮೇಲೆ ಅಂತ ಚೀಟೀಲಿ ಬರ್ದವ್ರೆ ಕಣವ್ವ. ಊಟ ಆದ್ ದಿನ ನುಂಗ್ತೀನಿ."

ನೀರು ಎಷ್ಟು ಕುಡಿಯುತ್ತೀರಿ ಎಂಬುದಕ್ಕೂ ಅಂಥದೇ ಉತ್ತರ. ಶೌಚಾಲಯ ರಾತ್ರಿ ಮುಚ್ಚುತ್ತದೆ, ಈ ಕಾಯಿಲೆಗೆ ನಾಲ್ಕು ಸಲ ಏಳಬೇಕು, ಕಂಡವರು ಬೈಯುತ್ತಾರೆ. ಹಾಗಾಗಿ ಸಂಜೆ ಐದರ ಮೇಲೆ ನೀರು ಮುಟ್ಟುವುದಿಲ್ಲ. ಗೌತಮಿ ಬರೆದುಕೊಳ್ಳುತ್ತಾ, ಏನು ತಿನ್ನುತ್ತೀರಿ ಎಂದು ಕೇಳಿದಳು. ಅವರು ಒಂದು ಗಳಿಗೆ ನನ್ನ ಕಡೆ ನೋಡಿ ಕಣ್ಣು ತಗ್ಗಿಸಿದರು.

"ಸಿಕ್ಕಿದ್ದು ತಿಂತೀನಿ."

"ಸಿಹಿ?"

"ಅಪ್ರೂಪಕ್ಕೆ."

ನಾಲ್ಕು ವರ್ಷ, ವರ್ಷಕ್ಕೆ ಐವತ್ತೆರಡು ಸೋಮವಾರ. ಆ ಬೆಳಿಗ್ಗೆಯ ಪೊಂಗಲಿನ ತುಪ್ಪ ಅವರ ಬೆರಳಲ್ಲಿ ಇನ್ನೂ ಇತ್ತು. ನಾನು ಬಾಯಿ ಬಿಡಲಿಲ್ಲ. ಬೀದಿಗೆಲ್ಲ ಕೇಳುವಂತೆ ಗಾದೆ ಹೇಳುವ ನನ್ನ ಬಾಯಿಗೆ ಆವತ್ತು ಏನಾಗಿತ್ತೋ. ನಾಚಿಕೆಯಾಗಿತ್ತು, ಅಷ್ಟೇ.

ಕೊನೆಯ ಎರಡು ಬೆರಳು ತೆಗೆದರು. ಒಂಬತ್ತನೆಯ ದಿನ ಡಿಸ್ಚಾರ್ಜ್ ಎಂದಾಗ ಡಾಕ್ಟರು ನನ್ನನ್ನು ಕರೆದು ಬಿಡಿಸಿ ಹೇಳಿದರು. ಎರಡು ವಾರ ಕಾಲು ನೆಲಕ್ಕೆ ಊರಬಾರದು, ದಿಂಬಿನ ಮೇಲೆ ಎತ್ತಿಟ್ಟಿರಬೇಕು. ದಿನಾ ಡ್ರೆಸ್ಸಿಂಗ್ ಆಗಬೇಕು. ದಿನಕ್ಕೆರಡು ಸಲ ಇನ್ಸುಲಿನ್, ಅದನ್ನು ಫ್ರಿಜ್ಜಿನಲ್ಲಿಡಬೇಕು, ಚುಚ್ಚಿದ ಅರ್ಧ ಗಂಟೆಯೊಳಗೆ ಊಟ ಸಿಗಲೇಬೇಕು. ಸಿಗದಿದ್ದರೆ ಸಕ್ಕರೆ ಇಳಿದು ಜೀವಕ್ಕೇ ಅಪಾಯ. ಬೀದಿಗೆ ಹೋಗುವವರಿಗೆ ಇನ್ಸುಲಿನ್ ಬರೆಯಲು ನನಗೆ ಧೈರ್ಯವಿಲ್ಲ, ಮಾತ್ರೆ ಬರೆಯುತ್ತೇನೆ, ಆದರೆ ಮಾತ್ರೆಯಲ್ಲಿ ಈ ಕಾಲು ಉಳಿಯುವ ಭರವಸೆ ಕೊಡಲಾರೆ ಎಂದರು. ಉಳಿಯದಿದ್ದರೆ ಮೊಣಕಾಲಿನ ಕೆಳಗೆ ತೆಗೆಯಬೇಕು. ರಾತ್ರಿ ತಂಗುದಾಣ ಇದೆ, ಆದರೆ ಅಲ್ಲಿ ಬೆಳಿಗ್ಗೆ ಎಲ್ಲರೂ ಹೊರಗೆ ಹೋಗಬೇಕು, ಫ್ರಿಜ್ಜೂ ಇಲ್ಲ ಎಂದು ಗೌತಮಿ ವಿಚಾರಿಸಿ ಹೇಳಿದಳು. ಅವರನ್ನು ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರೆ, ಜಗಲಿ ಅದೆಯಲ್ಲ ಎಂದರು.

ಸಂಜೆ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆಯಾದ ಮೇಲೆ ಯಜಮಾನರ ಮುಂದೆ ವಿಷಯ ಇಟ್ಟೆ. ಅಂಗಡಿಯ ಹಿಂದಿನ ಕೋಣೆಗೆ ಕಿಟಕಿ ಇದೆ, ಪಕ್ಕದಲ್ಲೇ ಕಕ್ಕಸು ಇದೆ, ಎರಡು ವಾರ ಅಲ್ಲಿರಲಿ ಎಂದೆ. ಅವರು ತಕ್ಕಡಿ ಒರೆಸತೊಡಗಿದರು. ಆಮೇಲೆ, ಅದು ಮಠಕ್ಕೆ ಹೋಗುವ ವಿಭೂತಿ ಇಡುವ ಕೋಣೆ ಎಂದರು. ಅಷ್ಟೇ ಹೇಳಿದ್ದು, ಉಳಿದದ್ದು ನನಗೆ ತಿಳಿಯಿತು. ಸಣ್ಣಮಾದಯ್ಯ ಎಂಬ ಹೆಸರೇ ಜಾತಿ ಹೇಳುತ್ತದೆ. ನಾಲ್ಕು ವರ್ಷ ನಾನು ಹಾಳೆಯ ತಟ್ಟೆಯಲ್ಲಿ ಕೊಟ್ಟಿದ್ದೂ ತೊಳೆಯುವ ಸೋಮಾರಿತನಕ್ಕಲ್ಲ.

ನಾನು ಜಗಳಕ್ಕೆ ಸಿದ್ಧವಾಗಿಯೇ ಇಳಿದುಬಂದಿದ್ದೆ. ಆದರೆ ಬಾಯಿಗೆ ಬಂದದ್ದು ಬೇರೆ.

"ಅವ್ರಿಗೆ ಆರು ವರ್ಷದಿಂದ ಶುಗರ್ ಇದೆ ಕಣ್ರೀ. ನಾನು ಬಿಟ್ಟ ಸಿಹೀನೆಲ್ಲ ಅವ್ರಿಗೇ ತಿನ್ನಿಸ್ಬುಟ್ಟೆ. ಎದುರಿಗೆ ನಿಂತ್ಕೊಂಡು ತಿನ್ನಿಸ್ದೆ."

ಅವರ ಕೈ ನಿಂತಿತು. ಗೂಡಿನಲ್ಲಿದ್ದ ನೇರಳೆ ಬೀಜದ ಪುಡಿಯ ಡಬ್ಬಿಯನ್ನು ನೋಡುತ್ತಾ ಕೂತರು.

"ಯಾರಿಗೆ ಅಂತ ನಾನಾದ್ರೂ ಕೇಳ್ಬೋದಿತ್ತು," ಎಂದರು. ಎದ್ದು ಹೋಗಿ ಹಿಂದಿನ ಕೋಣೆಯ ದೀಪ ಹಾಕಿ, ವಿಭೂತಿಯ ಮೂಟೆಗಳನ್ನು ತಾವೇ ಒಂದೊಂದಾಗಿ ಮುಂದಕ್ಕೆ ಎಳೆಯತೊಡಗಿದರು. ಬಿ.ಪಿ. ಇರುವವರು ಭಾರ ಎಳೆಯಬಾರದು ಎಂದೆ. ಹಾಗಾದರೆ ಇನ್ನೊಂದು ತುದಿ ಹಿಡಿ ಎಂದರು.

ಎರಡು ವಾರ ನಮ್ಮ ಮನೆಯ ಗಡಿಯಾರವೇ ಬದಲಾಯಿತು. ಫ್ರಿಜ್ಜಿನ ಬಾಗಿಲಲ್ಲಿ ನನ್ನ ಇನ್ಸುಲಿನ್ ಇಡುವ ಗೂಡಿನಲ್ಲಿ ಅವರದೂ ನಿಂತಿತು. ಬದಲಾಗದಿರಲೆಂದು ಅವರ ಡಬ್ಬಿಗೆ ಯಜಮಾನರು ವಿಭೂತಿಯ ಮೂರು ಗೆರೆ ಎಳೆದಿಟ್ಟರು. ಬೆಳಿಗ್ಗೆ ಏಳೂವರೆಗೆ ನಾನು ಚುಚ್ಚಿಕೊಂಡು ಕೆಳಗಿಳಿದು ಅವರಿಗೆ ಚುಚ್ಚುವುದು, ಆಮೇಲೆ ಇಬ್ಬರಿಗೂ ಅದೇ ರಾಗಿ ಮುದ್ದೆ, ಅದೇ ಸೊಪ್ಪಿನ ಸಾರು. ಡ್ರೆಸ್ಸಿಂಗ್ ಮಾಡುವುದನ್ನು ಗೌತಮಿ ಕಲಿಸಿದ್ದಳು. ಮೊದಲ ದಿನ ಮೂಗಿಗೆ ಸೆರಗು ಕಟ್ಟಿಕೊಂಡೆ, ಮೂರನೆಯ ದಿನ ಬಿಚ್ಚಿದೆ. ಕಾಲು ಮುಟ್ಟಿಸಿಕೊಳ್ಳಲು ಅವರಿಗೇ ಹೆಚ್ಚು ಸಂಕೋಚ. ಮೊದಲ ನಾಲ್ಕು ದಿನ ಹಗಲೂ ರಾತ್ರಿ ಬರೀ ನಿದ್ದೆ ಮಾಡಿದರು. ಗಾಯದ ಸುಸ್ತು ಎಂದು ನಾನು ಹೆದರಿದೆ. ಅಲ್ಲವಂತೆ. ಜಗಲಿಯ ಮೇಲೆ ನಾಯಿ, ಇಲಿ, ಕುಡುಕರು, ಚೀಲ ಕದಿಯುವವರು ಎಂದು ಒಂದು ಕಣ್ಣು ತೆರೆದೇ ಮಲಗುವುದು ಅಭ್ಯಾಸ. ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿ ನಾಲ್ಕು ವರ್ಷದ ಮೇಲಾಗಿತ್ತಂತೆ.

ಅವರು ಆಸ್ಪತ್ರೆಯಲ್ಲಿದ್ದ ಸೋಮವಾರವೂ, ನಡುವೆ ಬಂದ ಈ ಸೋಮವಾರವೂ ಸಿಹಿ ಮಾಡಲಿಲ್ಲ. ಎಂಟು ವರ್ಷದಲ್ಲಿ ಮೊದಲ ಸಲ ವ್ರತ ತಪ್ಪಿತು. ಶಿವ ಏನೂ ಅಂದುಕೊಂಡ ಹಾಗೆ ಕಾಣಲಿಲ್ಲ.

ಅದರ ಮುಂದಿನ ಸೋಮವಾರ ತಪಾಸಣೆ. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಮೊಣಕಾಲಿನ ಕೆಳಗೆ ಎಂಬ ಮಾತನ್ನೇ ಮನಸ್ಸಿನಲ್ಲಿ ಹಿಡಿದುಕೊಂಡಿದ್ದೆ. ಡಾಕ್ಟರು ಕಾಲನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಗಾಯದ ತಳ ಕೆಂಪಾಗಿತ್ತು, ಅಂಚು ಕೂಡಿಕೊಳ್ಳುತ್ತಿತ್ತು. ಸಕ್ಕರೆ ನೂರ ಎಪ್ಪತ್ತು. ಕಾಲು ಉಳಿಯಿತು, ಆದರೆ ಇನ್ನು ಏಣಿ ಹತ್ತುವ ಕೆಲಸ ಬೇಡ, ಹಿಡಿತ ಸಿಗುವುದಿಲ್ಲ ಎಂದರು. ಸಣ್ಣಮಾದಯ್ಯ ತಲೆಯಾಡಿಸಿದರು. ನಲವತ್ತು ವರ್ಷದ ಕೆಲಸ ಆ ಒಂದು ತಲೆಯಾಡಿಸುವಿಕೆಯಲ್ಲಿ ಮುಗಿಯಿತು.

ಹೊಸ ಕಟ್ಟು ಹಾಕುತ್ತಾ ಗೌತಮಿ, ಎರಡು ವಾರದಲ್ಲಿ ಇಷ್ಟು ಇಳಿಸಿದ್ದೀರಿ ಅಮ್ಮ, ಮನೆಯವರೇ ಇಷ್ಟು ಮಾಡುವುದಿಲ್ಲ ಎಂದಳು. ಆ ಹೊಗಳಿಕೆಯನ್ನು ಹಾಗೇ ಇಟ್ಟುಕೊಂಡು ಬರಲು ನನ್ನಿಂದ ಆಗಲಿಲ್ಲ. ಏರಿಸಿದವಳೂ ನಾನೇ ಎಂದು ಎಲ್ಲವನ್ನೂ ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ವಾರಕ್ಕೊಂದ್ಸಲ ಸಿಹಿ ತಿಂದ್ರೆ ಕಾಲು ಕೊಳೆಯಲ್ಲ ಅಮ್ಮ. ನೀವೊಬ್ರೇ ಅಲ್ಲ. ಬೀದೀಲಿರೋರಿಗೆ ಊರೆಲ್ಲ ಸೇರಿ ಕೊಡೋದು ಅದೇ. ಪ್ರಸಾದ, ಬನ್ನು, ಛತ್ರದಲ್ಲಿ ಉಳಿದ ಪಾಯ್ಸ, ಸಕ್ರೆ ಸುರಿದ ಟೀ. ಏನ್ ಬೇಕು ಅಂತ ಯಾರೂ ಕೇಳಲ್ಲ."

ಸಮಾಧಾನ ಹೇಳಲು ಹೊರಟ ಮಾತೇ, ಕೊನೆಗೆ ಬಂದು ನನಗೆ ತಾಗಿತು.

ಆಟೋದಲ್ಲಿ ವಾಪಸು ಬಂದೆವು. ಅವರನ್ನು ಕೋಣೆಯಲ್ಲಿ ಕೂರಿಸಿ, ಕಾಲ ಕೆಳಗೆ ದಿಂಬು ಕೊಟ್ಟು, ಬಾಗಿಲ ಹತ್ತಿರ ನಿಂತೆ.

"ಶುಗರ್ ಇದೆ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ ಸಣ್ಣಮಾದಯ್ಯ? ನಾಲ್ಕು ವರ್ಷ. ನೀವು ಬೇಡ ಅಂದಿದ್ರೆ ನಾನೇನು ಬಲವಂತ ಮಾಡ್ತಿದ್ನಾ?"

ಅವರು ಕಟ್ಟಿನ ಅಂಚನ್ನು ಸವರಿದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳಿದರು.

"ಮಂಜುಳಮ್ಮ ಬ್ಯಾಡ ಅಂದಿದ್ಲಲ್ಲವ್ವ. ಧರ್ಮಕ್ಕೆ ದಟ್ಟಿ ಕೊಟ್ರೆ ಇತ್ಲಿಗ್ ವೋಗಿ ಮೊಳ ಆಕುದ್ರಂತೆ ಅಂದ್ರಿ. ಅವ್ಳ್ಗೆ ಬೇರೆ ಬೀದಿ ಇತ್ತು, ವೋದ್ಲು. ನಂಗೆ ಈ ಜಗ್ಲಿ ಬುಟ್ರೆ ಬೇರೆ ಇರ್ನಿಲ್ಲ."

ಆ ಮಾತನ್ನು ನಾನು ಮರೆತೇಬಿಟ್ಟಿದ್ದೆ. ಅಂದವಳು ಮರೆತೆ, ಕೇಳಿಸಿಕೊಂಡವರು ಪ್ರತಿ ಸೋಮವಾರ ತಿಂದು ತೀರಿಸಿದರು. ನಾನು ಎದುರಿಗೆ ನಿಂತು, ಪೂರ್ತಿ ತಿಂದರು, ಪುಣ್ಯ ಬಂತು ಎಂದುಕೊಂಡು ಮೆಟ್ಟಿಲು ಹತ್ತಿದೆ. ತಪ್ಪಾಯಿತು ಎಂದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಬುಡಿ ಅವ್ವ, ಇಂಜೆಕ್ಷನ್ ಹೊತ್ತಾಯಿತು ಎಂದರು.

ಮೇಲೆ ಹೋಗಿ ಇಬ್ಬರ ಡಬ್ಬಿಯನ್ನೂ ತೆಗೆದುಕೊಂಡು ಬಂದೆ. ಚುಚ್ಚಿದ ಮೇಲೆ ಸ್ಟೀಲಿನ ತಟ್ಟೆಯಲ್ಲಿ ಮುದ್ದೆ ಇಟ್ಟು, ಬಸಳೆಸೊಪ್ಪಿನ ಸಾರು ಬಡಿಸಿದೆ. ಹಿಂದಿನ ಕೋಣೆಯನ್ನು ಖಾಲಿ ಮಾಡುವುದು ಶಿವರಾತ್ರಿ ಕಳೆದ ಮೇಲೆ ನೋಡೋಣ ಎಂದು ಯಜಮಾನರು ಬೆಳಿಗ್ಗೆಯೇ ಹೇಳಿದ್ದರು. ಅವರು ನೋಡೋಣ ಎಂದದ್ದನ್ನು ನೋಡಿದ ಉದಾಹರಣೆ ನಮ್ಮ ಮನೆಯಲ್ಲಿಲ್ಲ. ಕೂತುಕೊಂಡು ಪೊಟ್ಟಣ ಕಟ್ಟುವ ಕೆಲಸಕ್ಕೆ ಅಂಗಡಿಯಲ್ಲಿ ಒಬ್ಬರು ಬೇಕು ಎಂದೂ ಗೊಣಗಿದ್ದರು.

ಸಣ್ಣಮಾದಯ್ಯ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ನನ್ನ ಮುಖ ನೋಡಿದರು. ನಾನು ನಿಲ್ಲುತ್ತೇನೆ ಎಂದು ಕಾಯುತ್ತಿದ್ದರು. ನಾನು ನಿಲ್ಲಲಿಲ್ಲ. ಬೆನ್ನು ತಿರುಗಿಸಿ ಮೆಟ್ಟಿಲು ಹತ್ತಿದೆ. ಅತ್ತೆಯವರು ಮೇಲಿನಿಂದ ನೋಡುತ್ತಿದ್ದರೆ ನೋಡಲಿ.

ಅಡುಗೆಮನೆಗೆ ಕಾಲಿಡುವ ಮುಂಚೆ ಕೆಳಗಿನಿಂದ ಕೂಗಿದರು.

"ಅವ್ವಾ, ಸಾರ್ಗೆ ಉಪ್ಪು ಸಾಲ್ದು ಕಣವ್ವ."

ನಾಲ್ಕು ವರ್ಷದಲ್ಲಿ ಅವರು ನನ್ನ ಅಡುಗೆಯ ಬಗ್ಗೆ ಆಡಿದ ಮೊದಲ ಮಾತು ಅದು. ಉಪ್ಪಿನ ಭರಣಿ ಹಿಡಿದುಕೊಂಡು ಮತ್ತೆ ಮೆಟ್ಟಿಲಿಳಿದೆ.